ದಹ್ಯವೇ, ದಾಹ್ಯವೇ, ದಹನಶೀಲವೇ? (ಇಂದು ಸಂಜೆಯೊಳಗೆ ಬೇಕು)

ಪ್ರಶ್ನೆ

ಮಾನ್ಯರೇ,

ಜಪಾನಿನ ಫುಕುಶಿಮಾ ದಾಯಿಚಿ ಅಣುಸ್ಥಾವರದಲ್ಲಿ 2011ರ ಮಾರ್ಚ್‌ನಲ್ಲಿ ನಡೆದ ಅವಘಡವನ್ನು ಕುರಿತ ಲೇಖನವೊಂದನ್ನು ಅನುವಾದಿಸುತ್ತಿದ್ದೇನೆ. ಪುಟ ಇಂದು ಸಂಜೆ ಅಚ್ಚಿಗೆ ಹೋಗುತ್ತದೆ. ‘ಫ್ಲಾಮಬಲ್’ (ಬೇಗ ಹೊತ್ತಿಕೊಳ್ಳಬಲ್ಲ) ಎಂಬುದಕ್ಕೆ ನಿಘಂಟುಗಳಲ್ಲಿ ದಹ್ಯ, ದಹನಶೀಲ, ದಹನಕಾರಿ ಮೂರೂ ಸಿಗುತ್ತಿವೆ. ಇದು ಚಿತ್ರದೊಳಗಿನ ಎಚ್ಚರಿಕೆ ಫಲಕದಲ್ಲಿಯೂ ಬರುವುದರಿಂದ ಎರಡು ಪದಗಳಿಗಿಂತ ಹೆಚ್ಚಿಗೆ ಜಾಗವಿಲ್ಲ.

ಎರಡನೆಯದು ‘ಇನರ್ಟಿಂಗ್’. ಸಂದರ್ಭ ಹೀಗಿದೆ: ತಂಪುಗೊಳಿಸುವ ವ್ಯವಸ್ಥೆ ನಿಂತು ಇಂಧನ ಸರಳುಗಳು ವಿಪರೀತ ಕಾದಾಗ ಅವುಗಳ ಜಿರ್ಕೋನಿಯಂ ಹೊದಿಕೆ ಹಬೆಯಲ್ಲಿರುವ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ, ಜಲಜನಕ ಬಿಡುಗಡೆಯಾಗುತ್ತದೆ. ಅಲ್ಲಿನ ಕಂಟೈನ್‌ಮೆಂಟ್‌ಗಳಲ್ಲಿ (ರಿಯಾಕ್ಟರನ್ನು ಸುತ್ತುವರಿದ ಬಿಗಿ ಕವಚಗಳಲ್ಲಿ) ಮೊದಲೇ ಸಾರಜನಕ ತುಂಬಿದ್ದರಿಂದ ಒಳಗೆ ಅದು ಉರಿಯಲಿಲ್ಲ. ಹೊರಗಿನ ಕಟ್ಟಡಕ್ಕೆ ಸೋರಿ ಸಾಧಾರಣ ಗಾಳಿಯೊಡನೆ ಬೆರೆತ ಮೇಲೆ ಮಾರ್ಚ್ 12ರಂದು ಒಂದನೆಯ ಘಟಕದ, 14ರಂದು ಮೂರನೆಯ ಘಟಕದ ಕಟ್ಟಡಗಳನ್ನು ಸಿಡಿಸಿತು. ಮತ್ತೆ ಹಾಗಾಗದಿರಲೆಂದು ಏಪ್ರಿಲ್‌ನಲ್ಲಿ ಒಂದನೆಯ ಘಟಕದ ಕಂಟೈನ್‌ಮೆಂಟ್‌ಗೆ ಸಾರಜನಕ ಹಾಯಿಸತೊಡಗಿದರು. ಈ ಕೆಲಸಕ್ಕೆ ಏನೆನ್ನಬೇಕು?

ಉತ್ತರ 1

‘ದಹ್ಯ’ ಅಶುದ್ಧ ರೂಪ. ನಡುವೆ ಅಕಾರವಿರುವ ವ್ಯಂಜನಾಂತ ಧಾತುವಿಗೆ, ಯೋಗ್ಯವೆಂಬ ಅರ್ಥ ಕೊಡುವ ಣ್ಯತ್ ಪ್ರತ್ಯಯ ಹತ್ತಿದಾಗ ವೃದ್ಧಿಯಾಗಲೇಬೇಕು, ಅಂದರೆ ಆ ಅಕಾರ ದೀರ್ಘವಾಗಬೇಕು: ತ್ಯಜ್ ತ್ಯಾಜ್ಯವಾಗುತ್ತದೆ, ಗ್ರಹ್ ಗ್ರಾಹ್ಯವಾಗುತ್ತದೆ, ದಹ್ ದಾಹ್ಯವಾಗುತ್ತದೆ. ‘ದಾಹ್ಯ ಅನಿಲ’ ಎಂದು ಬರೆಯಿರಿ. ಇದರಲ್ಲಿ ಚರ್ಚೆಗೆ ಎಡೆಯಿಲ್ಲ.

ಉತ್ತರ 2

ಹಾಗಾದರೆ ‘ಅಸಹ್ಯ’ವನ್ನು ಇನ್ನು ಮುಂದೆ ‘ಅಸಾಹ್ಯ’ ಎನ್ನೋಣವೇ? ಕನ್ನಡದಲ್ಲಿ ದಾಹವೆಂದರೆ ಬಾಯಾರಿಕೆ. ‘ದಾಹ್ಯ ಅನಿಲ’ವನ್ನು ಕಂಡವರು ನೀರು ಹುಡುಕಿಯಾರು. ‘ದಹನಕಾರಿ’ ಅದಕ್ಕಿಂತ ಅಪಾಯಕಾರಿ, ಏಕೆಂದರೆ ಇಲ್ಲಿ ಉರಿಯುವುದು ಜಲಜನಕ, ಉರಿಸುವುದು ಆಮ್ಲಜನಕ. ಸಾರಜನಕ ತುಂಬುವ ಉಪಾಯವೆಲ್ಲ ನಿಂತಿರುವುದು ಉರಿಯುವುದನ್ನು ಉರಿಸುವುದರಿಂದ ದೂರವಿಡುವುದರ ಮೇಲೆ. ಆ ಎರಡನ್ನು ಒಂದೇ ಪದದಲ್ಲಿ ಕಲಸಿಬಿಟ್ಟರೆ ನಿಮ್ಮ ಲೇಖನದ ತಿರುಳೇ ಕೆಡುತ್ತದೆ. ‘ದಹನಶೀಲ’ ಇರಲಿ.

ಉತ್ತರ 1

ಸಹ್ ಧಾತುವಿಗೆ ಪ್ರತ್ಯೇಕ ಸೂತ್ರವಿದೆ, ಓದಿ ಬನ್ನಿ. ಶೀಲವೆಂದರೆ ಸ್ವಭಾವ. ದಾನಶೀಲನು ಕೊಡುತ್ತಲೇ ಇರುತ್ತಾನೆ. ಈ ಅನಿಲವೋ ಸಾರಜನಕದ ನಡುವೆ ಸುಮ್ಮನೆ ಇರುತ್ತದೆ. ಅದಕ್ಕಿರುವುದು ಯೋಗ್ಯತೆಯೇ ಹೊರತು ಶೀಲವಲ್ಲ. ಯೋಗ್ಯಾರ್ಥಕ್ಕೆ ದಾಹ್ಯವೇ ಸರಿ.

ಉತ್ತರ 3

ಪಾಣಿನಿಯನ್ನು ಎಳೆದಾಡಿದ್ದು ಸಾಕು. ಕನ್ನಡದಲ್ಲಿ ಹೊತ್ತುವುದು ಬೇರೆ, ಉರಿಯುವುದು ಬೇರೆ, ಸಿಡಿಯುವುದು ಬೇರೆ. ಗಾಳಿಯಲ್ಲಿ ಜಲಜನಕ ಶೇ. 4ರಷ್ಟಾದರೆ ಕಿಡಿಗೆ ಹೊತ್ತಬಲ್ಲದು, ಶೇ. 18ರ ಆಸುಪಾಸು ದಾಟಿದ ಮೇಲೆ ಉರಿ ಶಬ್ದದ ವೇಗವನ್ನು ಮೀರಿ ಓಡಿ ಗೋಡೆಗಳನ್ನು ಕೆಡವಬಲ್ಲದು. ಒಂದೇ ದಹ್ ಧಾತುವನ್ನು ಹಿಂಡುತ್ತ ಕೂತವರಿಗೆ ಈ ಮೂರು ಹಂತಗಳು ಹೇಗೆ ಕಾಣಬೇಕು? ಹಳಗನ್ನಡದ ‘ಪೊತ್ತು’ ಇಂದು ‘ಹೊತ್ತು’ ಆಗಿ ಎಲ್ಲರ ಬಾಯಲ್ಲಿದೆ. ಫಲಕಕ್ಕೆ ‘ಹೊತ್ತುವ ಗಾಳಿ’ ಸಾಕು. ಒಳಪುಟದಲ್ಲಿ ಜಲಜನಕವನ್ನೂ ತೆಗೆದು ‘ನೀರುಟ್ಟುಕ’ ಎಂದು ಬರೆಯಬಹುದು.

ಉತ್ತರ 4

‘ನೀರುಟ್ಟುಕ’ ಎಂದರೆ ನೀರನ್ನು ಹುಟ್ಟಿಸಿದ್ದೋ, ನೀರನ್ನು ಉಟ್ಟುಕೊಂಡದ್ದೋ? ಗಾಳಿಯೆಂಬುದು ಆಮ್ಲಜನಕವಿರುವ ಮಿಶ್ರಣದ ಹೆಸರು. ಗಾಳಿಯೊಡನೆ ಬೆರೆಯಬಾರದ ಅನಿಲಕ್ಕೂ ಗಾಳಿಯೆಂದೇ ಹೆಸರಿಡುವುದು ಜಾಣತನವಲ್ಲ.

ಜಲಜನಕ ಎಂಬ ಪದವನ್ನು ಮಾತ್ರ ಮುಟ್ಟಬೇಡಿ, ಅದರ ಸಮಾಸ ಬಲು ಸ್ವಾರಸ್ಯವಾದದ್ದು. ಅವಘಡದ ರಿಯಾಕ್ಟರಿನಲ್ಲಿ ನೀರಿನಿಂದಲೇ ಅದು ಹುಟ್ಟುವುದರಿಂದ ‘ಜಲವೇ ಜನಕನಾಗಿ ಉಳ್ಳದ್ದು’ ಎಂದು ಬಹುವ್ರೀಹಿಯಾಗಿ ಬಿಡಿಸಬಹುದು. ಪ್ಲಾಟಿನಂ ಅಥವಾ ಪಲ್ಲಾಡಿಯಂ ಲೇಪಿಸಿದ ಫಲಕಗಳುಳ್ಳ ರಿಕಂಬೈನರ್, ವಿದ್ಯುತ್ತಿನ ಹಂಗಿಲ್ಲದೆ ಅದನ್ನು ಆಮ್ಲಜನಕದೊಡನೆ ಕೂಡಿಸಿ ಮರಳಿ ನೀರಾಗಿಸಿದಾಗ ‘ಜಲದ ಜನಕ’ ಎಂಬ ಷಷ್ಠೀ ತತ್ಪುರುಷವೇ ಸರಿಹೋಗುತ್ತದೆ. ಆಮ್ಲಜನಕದ ಮಾತು ಬೇರೆ. ಎಲ್ಲ ಆಮ್ಲಗಳಿಗೂ ಅದೇ ಮೂಲವೆಂದು ಫ್ರೆಂಚ್ ರಸಾಯನಶಾಸ್ತ್ರಜ್ಞ ಲಾವಾಸಿಯೆ ತಪ್ಪಾಗಿ ಎಣಿಸಿ ಇಟ್ಟ ಹೆಸರನ್ನು ನಾವು ಅನುವಾದಿಸಿ, ತಪ್ಪನ್ನೂ ಜೊತೆಗೆ ಹೊತ್ತುತಂದೆವು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದರ ಲವಲೇಶವೂ ಇಲ್ಲ.

ಉತ್ತರ 3

ಅಂದರೆ ಎರವಲು ಅನುವಾದವಾದರೂ ಎರವಲೇ ಎಂದು ಒಪ್ಪಿದಿರಿ. ನಾನು ಹೇಳುತ್ತಿರುವುದೂ ಅದನ್ನೇ.

ಉತ್ತರ 5

ಎರಡನೆಯ ಪ್ರಶ್ನೆಯನ್ನು ಯಾರೂ ಮುಟ್ಟಿಲ್ಲ. ‘ಜಡೀಕರಣ’ ಎಂದು ಯಾರಾದರೂ ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ: ಶಾಲೆಯ ಪಠ್ಯದಲ್ಲಿ ಜಡಾನಿಲವೆಂದರೆ ಹೀಲಿಯಂ, ನಿಯಾನ್‌ಗಳ ಗುಂಪು, ಸಾರಜನಕ ಅದರಲ್ಲಿಲ್ಲ. ಅಲ್ಲದೆ ಜಡವಾಗುವುದು ಯಾವುದು? ಜಲಜನಕವಂತೂ ಅಲ್ಲ, ಅದು ಇದ್ದಂತೆಯೇ ಇರುತ್ತದೆ, ಅದರ ಸುತ್ತಲಿನ ವಾತಾವರಣ ಮಾತ್ರ ಉರಿಗೆ ಒದಗದಂತಾಗುತ್ತದೆ. ‘ಉರಿಯದಂತೆ ಸಾರಜನಕ ತುಂಬುವುದು’ ಎಂದು ಬಿಡಿಸಿಯೇ ಬರೆಯಿರಿ. ಎಲ್ಲದಕ್ಕೂ ಒಂದೇ ಪದ ಇರಲೇಬೇಕೆಂಬ ಹಟ ನಿಘಂಟುಕಾರರಿಗಿರಲಿ, ಅನುವಾದಕರಿಗೆ ಬೇಡ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ವಂದನೆಗಳು. ಫಲಕಕ್ಕೆ ‘ಹೊತ್ತುವ ಅನಿಲ’, ಒಳಪುಟಕ್ಕೆ ‘ದಹನಶೀಲ’ ಎಂದು ಇಟ್ಟುಕೊಂಡು, ಸಾರಜನಕದ ವಾಕ್ಯವನ್ನು ಐದನೆಯ ಉತ್ತರದಲ್ಲಿರುವಂತೆ ತಿದ್ದಿ, ಪುಟ ಕಳುಹಿಸಿದ್ದೇನೆ. ಮಾರ್ಚ್ 15ರಂದು ಸಿಡಿದ ನಾಲ್ಕನೆಯ ಘಟಕದ ಕಟ್ಟಡಕ್ಕೆ ಅನಿಲ ಮೂರನೆಯ ಘಟಕದಿಂದ ಕೊಳವೆಗಳ ಮೂಲಕ ಹಿಮ್ಮುಖವಾಗಿ ಹರಿದುಬಂದಿತ್ತೆಂಬ ವಾಕ್ಯದಲ್ಲಿ ‘ಬ್ಯಾಕ್‌ಫ್ಲೋ’ಗೆ ‘ಹಿಮ್ಮುಖ ಹರಿವು’ ಎಂದು ನಾನೇ ಹಾಕಿಕೊಂಡೆ. ಅದನ್ನು ಇಲ್ಲಿ ಕೇಳುವಷ್ಟು ಸಮಯವಿರಲಿಲ್ಲ.

ಉತ್ತರ 1

ಅಚ್ಚಾದರೂ ತಪ್ಪು ತಪ್ಪೇ. ದಾಹ್ಯ.