ಸಹಾಯ ಬೇಕು: ಅಣ್ಣನ ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಗಡ್ಡೆ ಯಾವುದೆಂದು ಖಚಿತವಾಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಅಣ್ಣನಿಗೆ 54 ವರ್ಷ. ಕುಡಿತ ಇಲ್ಲ, ಶುಗರ್ ಇಲ್ಲ. ಹೊಟ್ಟೆನೋವಿಗೆ ಗ್ಯಾಸ್ಟ್ರಿಕ್ ಅಂತ ಎರಡು ತಿಂಗಳು ಮಾತ್ರೆ ನುಂಗಿದ. ಆಮೇಲೆ ಸಿಟಿ ಸ್ಕ್ಯಾನ್‌ನಲ್ಲಿ ಪ್ಯಾಂಕ್ರಿಯಾಸ್‌ನ ಬಾಲದ ಕಡೆ 5 ಸೆಂ.ಮೀ. ಗಡ್ಡೆ ಕಂಡಿತು.

ಬಯಾಪ್ಸಿಯ ಮೊದಲ ರಿಪೋರ್ಟ್‌ನಲ್ಲಿ ನ್ಯೂರೋಎಂಡೋಕ್ರೈನ್ ಗಡ್ಡೆ (ಹಾರ್ಮೋನ್ ಮಾಡುವಂಥ ಜೀವಕೋಶಗಳದ್ದು) ಎಂದಿದೆ. ಅದೇ ಸ್ಲೈಡ್ ನೋಡಿದ ಇನ್ನೊಬ್ಬ ಡಾಕ್ಟರು ಸಾಲಿಡ್ ಸ್ಯೂಡೋಪ್ಯಾಪಿಲರಿ ಅನ್ನೋ ಬೇರೆ ಥರದ ಗಡ್ಡೆ ಇರಬಹುದು ಎಂದರು. ಅದು ಜಾಸ್ತಿ ಬರೋದು 20–30ರ ವಯಸ್ಸಿನ ಹೆಂಗಸರಿಗೆ. ಐವತ್ತು ದಾಟಿದ ಗಂಡಸಲ್ಲಿ ಅಪರೂಪ, ಹಾಗಂತ ಬರೋದೇ ಇಲ್ಲ ಅಂತಲ್ಲ. ಮೈಕ್ರೋಸ್ಕೋಪ್‌ನಲ್ಲಿ ಎರಡೂ ಹತ್ತಿರ ಹತ್ತಿರ ಒಂದೇ ಥರ ಕಾಣಬಹುದು. ಗಡ್ಡೆ ಯಾವ ಥರದ್ದು ಅಂತ ತಿಳಿಯಲು ಸ್ಲೈಡ್ ಮೇಲೆ ಬಣ್ಣ ಹಾಕಿ ಕೆಲವು ಪ್ರೋಟೀನ್ ಹುಡುಕುತ್ತಾರೆ. ಅವುಗಳಲ್ಲಿ ಸಿನಾಪ್ಟೋಫೈಸಿನ್ ಎರಡರಲ್ಲೂ ಪಾಸಿಟಿವ್ ಬರಬಹುದು. ಬೀಟಾ-ಕ್ಯಾಟೆನಿನ್ ಅನ್ನೋ ಇನ್ನೊಂದರ ಬಣ್ಣ ಜೀವಕೋಶದ ನ್ಯೂಕ್ಲಿಯಸ್ ಒಳಗೆ ಹಿಡಿದರೆ ಸ್ಯೂಡೋಪ್ಯಾಪಿಲರಿ ಕಡೆಗೆ ವಾಲುತ್ತದೆ. ಆ ಟೆಸ್ಟೇ ಇನ್ನೂ ಮಾಡಿಲ್ಲ! ಸ್ಯೂಡೋಪ್ಯಾಪಿಲರಿ ಗಡ್ಡೆಯೇ ಆಗಿದ್ದು, ಅದನ್ನು ಪೂರ್ತಿ ತೆಗೆದರೆ ಹೆಚ್ಚಿನವರು ಗುಣವಾಗುತ್ತಾರೆ. ಆ ಆಸೆಗೇ ಇಷ್ಟು ಓಡಾಡುತ್ತಿದ್ದೇನೆ.

ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ, ವೆಲ್ಲೂರಿನ ಸಿಎಂಸಿ, ಮುಂಬೈನ ಟಾಟಾ ಮೆಮೋರಿಯಲ್, ಇವುಗಳಲ್ಲಿ ಪೇಷಂಟ್ ಇಲ್ಲದೆ ಬರೀ ಬ್ಲಾಕ್ (ಬಯಾಪ್ಸಿ ತುಂಡನ್ನು ಮೇಣದಲ್ಲಿ ಇಟ್ಟಿರುವುದು), ಸ್ಲೈಡ್ ಕೊಟ್ಟರೆ ನೋಡುತ್ತಾರಾ? ರಿಪೋರ್ಟ್ ಬರಲು ಎಷ್ಟು ದಿನ? ಮನೆಯವರಿಗೆ ಮಾಡಿಸಿದವರು ಇದ್ದರೆ ದಯವಿಟ್ಟು ತಿಳಿಸಿ. ಪ್ಯಾಥಾಲಜಿ ಡಾಕ್ಟರು ಯಾರಾದರೂ ಇದ್ದರೆ, ಇನ್ನು ಯಾವ ಟೆಸ್ಟ್ ಕೇಳಬೇಕು ಹೇಳಿ. ಆಪರೇಷನ್‌ಗೆ ಇನ್ನೂ ದಿನ ಗೊತ್ತಾಗಿಲ್ಲ.