ಪದಚರ್ಚೆ: ವಂಚನೆಯಿಲ್ಲದ ‘ನಕಲಿ’ ನಾಣ್ಯಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ಬಳಗದ ಎಲ್ಲರಿಗೂ ಸಾಗರದಿಂದ ನಮಸ್ಕಾರ.

ಒಂದು ಪದ ಬೇಕಾಗಿದೆ. ಬೇಕಾಗಿರುವುದು ನನ್ನ ಭಾವನಿಗೆ, ಹುಡುಕುವ ಕೆಲಸ ಮಾತ್ರ ನನ್ನ ಪಾಲಿಗೆ ಬಂದಿದೆ.

ಭಾವ ಅಡಿಕೆ ತೋಟದವರು. ಹತ್ತು ಹನ್ನೆರಡು ವರ್ಷಗಳಿಂದ ಅವರಿಗೆ ಹಳೆಯ ಚಿನ್ನದ ನಾಣ್ಯಗಳ ಹುಚ್ಚು. ಅಸಲನ್ನು ಕೊಳ್ಳುವಷ್ಟು ಫಸಲನ್ನು ಕೊಳೆರೋಗ ಯಾವ ವರ್ಷವೂ ಉಳಿಸಿಲ್ಲ. ಹಾಗಾಗಿ ಅವರು ಕೂಡಿಡುವುದೆಲ್ಲ ಅಸಲಿನಂತೆಯೇ ಮಾಡಿದ, ಚಿನ್ನದ ನೀರು ಹಾಕಿದ ಹಿತ್ತಾಳೆಯವು. ಯಾರಿಂದಲೂ ಮುಚ್ಚಿಟ್ಟಿಲ್ಲ. ಪೆಟ್ಟಿಗೆ ತೆರೆದ ಕೂಡಲೇ ‘ಇದು ಹಿತ್ತಾಳೆ’ ಎಂದು ಹೇಳಿಯೇ ಮುಂದಿನ ಕಥೆ ಶುರುಮಾಡುತ್ತಾರೆ. ಈಗ ಇಲ್ಲಿನ ಒಂದು ಶಾಲೆಯವರು ಅವನ್ನು ಪ್ರದರ್ಶನಕ್ಕೆ ಕೇಳಿದ್ದಾರೆ. ಚೀಟಿಗಳನ್ನು ಬರೆಯಲು ಕುಳಿತ ನಾನು ಮೇಲಿನ ಹಾಳೆಯಲ್ಲಿ ‘ಅಪರೂಪದ ನಕಲಿ ಚಿನ್ನದ ನಾಣ್ಯಗಳು’ ಎಂದು ದಪ್ಪಕ್ಷರದಲ್ಲಿ ಬರೆದೆ. ಭಾವ ಓದಿ, ಕನ್ನಡಕವನ್ನು ಹಣೆಗೇರಿಸಿ, ‘ಇದನ್ನು ಬಾಗಿಲಿಗೆ ಅಂಟಿಸಿದರೆ ಮಕ್ಕಳಿಗಿಂತ ಮೊದಲು ಪೊಲೀಸರು ಬರುತ್ತಾರೆ ಮಾರಾಯ’ ಎಂದರು.

ಅವರ ಮಾತು ಸುಳ್ಳಲ್ಲ. ಪಾಯ ತೋಡುವಾಗ ಹಂಡೆ ಸಿಕ್ಕಿತೆಂದು ನಂಬಿಸಿ ‘ನಕಲಿ ಬಂಗಾರದ ನಾಣ್ಯ’ ಕೊಟ್ಟು ಲಕ್ಷಗಟ್ಟಲೆ ಎತ್ತಿಕೊಂಡು ಹೋದವರ ಸುದ್ದಿ ನಮ್ಮ ಕಡೆಯ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಅದಲ್ಲದೆ ನನ್ನ ಸಾಲಿನಲ್ಲಿ ವ್ಯಾಕರಣದ ತೊಡಕೂ ಇದೆ. ಅಪರೂಪವಾದದ್ದು ಯಾವುದು? ಅಸಲು. ನಕಲು ಬೇಕಾದಷ್ಟು ಸಿಗುತ್ತದೆ. ನಕಲಿಯಾಗಿರುವುದು ಚಿನ್ನವೋ ನಾಣ್ಯವೋ? ಎರಡು ವಿಶೇಷಣಗಳು ಸಾಲಾಗಿ ನಿಂತು ಯಾವುದು ಯಾರದೆಂದು ತಿಳಿಯದಂತಾಗಿದೆ.

‘ನಕಲು’ ಎಂದಿಟ್ಟರೆ? ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಹಳೆಯ ಪಹಣಿಯ ನಕಲು ಕೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ. ಸಹಿ, ಮೊಹರು ಹಾಕಿಯೇ ಕೊಡುತ್ತಾರೆ. ಅದೇ ‘ನಕಲಿ ಪಹಣಿ’ ಎಂದರೆ ಮೊಕದ್ದಮೆ. ಮೋಸವೆಲ್ಲ ಆ ಕೊನೆಯ ಇಕಾರದಲ್ಲಿ ಅಡಗಿದೆ! ಆದರೆ ಶಾಲೆಯ ಗೋಡೆಯ ಮೇಲೆ ನಕಲು ಎಂಬ ಪದಕ್ಕೆ ಇರುವುದು ಒಂದೇ ಅರ್ಥ, ಪರೀಕ್ಷೆಯ ಕೊಠಡಿಯದು. ‘ಖೋಟಾ’ ಅಂತೂ ಬೇಡವೇ ಬೇಡ. ಅದು ಚಲಾವಣೆಗೆ ನುಗ್ಗಿಸಲೆಂದೇ ಮಾಡಿದ ಮಾಲು. ‘ಗಿಲೀಟು’ ಮೈಮೇಲಿನ ಬಣ್ಣದ ಹೆಸರು, ನಾಣ್ಯದ್ದಲ್ಲ.

ನಿಘಂಟು ಮುಂದಿಡುವ ಪದ ‘ಪ್ರತಿಕೃತಿ’. ಅರ್ಥ ಸರಿಯಾಗಿಯೇ ಇದೆ. ಆದರೆ ಪತ್ರಿಕೆಗಳು ಅದನ್ನು ‘ದಹನ’ದ ಜೊತೆಗೆ ಎಷ್ಟು ಗಟ್ಟಿಯಾಗಿ ಕಟ್ಟಿಹಾಕಿವೆ ಎಂದರೆ, ನನಗೆ ಆ ಪದ ಕೇಳಿದೊಡನೆ ಶಿವಮೊಗ್ಗದ ಗೋಪಿ ವೃತ್ತ ಮತ್ತು ಸೀಮೆಎಣ್ಣೆಯ ವಾಸನೆ ನೆನಪಾಗುತ್ತದೆ. ಭಾವನೂ ‘ಪ್ರದರ್ಶನ ಮುಗಿದ ಮೇಲೆ ಸುಡಬೇಕೋ?’ ಎಂದು ಕೇಳಿಬಿಟ್ಟರು.

ಅವರ ಪೆಟ್ಟಿಗೆಯಲ್ಲಿ ಅಮೆರಿಕದ 1933ರ ಇಪ್ಪತ್ತು ಡಾಲರಿನ ‘ಡಬಲ್ ಈಗಲ್’ ಒಂದಿದೆ. ಅದರ ಅಸಲನ್ನು 4,45,500ರಷ್ಟು ಟಂಕಿಸಿ, ಚಿನ್ನದ ಚಲಾವಣೆಯೇ ನಿಂತದ್ದರಿಂದ ಬಹುತೇಕ ಎಲ್ಲವನ್ನೂ ಕರಗಿಸಿದರು. ಉಳಿದು ಖಾಸಗಿಯವರ ಕೈಸೇರಿದ್ದೊಂದು 2021ರ ಹರಾಜಿನಲ್ಲಿ 1 ಕೋಟಿ 89 ಲಕ್ಷ ಡಾಲರಿಗೆ ಹೋಯಿತು. ಭಾವನ ಹಿತ್ತಾಳೆಯದರ ಮೇಲೆ ಸಣ್ಣ ರೋಮನ್ ಅಕ್ಷರಗಳಲ್ಲಿ ‘ಕಾಪಿ’ ಎಂದು ಒತ್ತಿದೆ. ಹಾಗೆ ಒತ್ತಲೇಬೇಕೆಂದು ಅಮೆರಿಕದಲ್ಲಿ 1973ರಿಂದ ಕಾನೂನಿದೆ. ಅಚ್ಚುಕಟ್ಟಾದ ವ್ಯವಸ್ಥೆ. ನಾವು ಹಾಗೆ ಒತ್ತುವುದಾದರೆ ಯಾವ ಪದವನ್ನು ಒತ್ತಬೇಕು? ಮಲೆನಾಡಿನಲ್ಲಿ ಕಾಪಿ ಎಂದರೆ ಲೋಟ ಮುಂದೆ ಬರುತ್ತದೆ.

ನನ್ನ ಒಲವು ‘ಪಡಿಯಚ್ಚು’ ಎಂಬುದರ ಕಡೆಗೆ. ‘ಮಗಳು ತಾಯಿಯ ಪಡಿಯಚ್ಚು’ ಎನ್ನುವಾಗ ಮಗಳು ಯಾರಿಗೂ ಮೋಸ ಮಾಡುತ್ತಿಲ್ಲ. ಪದದಲ್ಲಿ ಅಚ್ಚು ಬೇರೆ ಇದೆ, ನಾಣ್ಯಕ್ಕೆ ಹೇಳಿ ಮಾಡಿಸಿದ ಹಾಗೆ. ಬ್ರಿಟಿಷ್ ಮ್ಯೂಸಿಯಂನಲ್ಲಿ 19ನೆಯ ಶತಮಾನದಲ್ಲಿ ರಾಬರ್ಟ್ ರೆಡಿ ಎಂಬವರು ಮಾಡುತ್ತಿದ್ದದ್ದು ಅಕ್ಷರಶಃ ಇದನ್ನೇ: ಅಸಲು ನಾಣ್ಯದ ಎರಡು ಮುಖಗಳ ಅಚ್ಚನ್ನು ಬೇರೆಬೇರೆಯಾಗಿ ತೆಗೆದು, ವಿದ್ಯುತ್ತಿನ ನೆರವಿನಿಂದ ಅದರೊಳಗೆ ಲೋಹದ ಪದರ ಕಟ್ಟಿಸಿ, ಎರಡನ್ನೂ ಬೆಸೆಯುವುದು. ಹಲವುಗಳ ಅಂಚಿನಲ್ಲಿ ತಮ್ಮ ಹೆಸರಿನ ಮೊದಲಕ್ಷರಗಳನ್ನೂ ಒತ್ತುತ್ತಿದ್ದರು.

ತೊಡಕು ಬಂದಿರುವುದು ಭಾವನಿಗೆ ಎಲ್ಲಕ್ಕಿಂತ ಪ್ರೀತಿಯ ಇಕ್ಕೇರಿ ವರಾಹದಲ್ಲಿ, ಅಂದರೆ ಕೆಳದಿ ಅರಸರ ಚಿನ್ನದ ನಾಣ್ಯದಲ್ಲಿ. ಒಂದು ಮುಖದಲ್ಲಿ ಶಿವಪಾರ್ವತಿಯರು, ಇನ್ನೊಂದರಲ್ಲಿ ನಾಗರಿ ಲಿಪಿಯಲ್ಲಿ ‘ಶ್ರೀ ಸದಾಶಿವ’. ಅಸಲು ಸುಮಾರು 3.4 ಗ್ರಾಂ ತೂಗುತ್ತದೆ. ಇವರದು ಅಷ್ಟೇ ಗಾತ್ರವಿದ್ದರೂ ಆಚಾರರ ತಕ್ಕಡಿಯಲ್ಲಿ ಒಂದೂವರೆ ಗ್ರಾಮಿನ ಆಸುಪಾಸಿನಲ್ಲಿ ನಿಂತಿತು. ಹಿತ್ತಾಳೆ ಎಷ್ಟು ಹೊಳೆದರೂ ಅಷ್ಟೇ. ಭೂತಗನ್ನಡಿ ಹಿಡಿದು ನೋಡಿದರೆ ಪಾರ್ವತಿಯ ಮುಖ ಬರೀ ಒಂದು ಚುಕ್ಕೆ. ಕೊನೆಯ ‘ವ’ಕಾರದ ಹೊಟ್ಟೆಯೊಳಗೆ ಒಂದು ಅಡ್ಡಗೀಟು ಬಿದ್ದು ‘ಸದಾಶಿಬ’ ಆಗಿದೆ. ಅಂದರೆ ಇದು ಅಸಲಿನ ಮೇಲಿಂದ ತೆಗೆದ ಅಚ್ಚಲ್ಲ, ಯಾರೋ ಚಿತ್ರ ನೋಡಿಕೊಂಡು ಹೊಸದಾಗಿ ಕೊರೆದದ್ದು. ಇದನ್ನು ಪಡಿಯಚ್ಚು ಎನ್ನಲು ನನ್ನ ನಾಲಗೆ ತಡೆಯುತ್ತದೆ.

ಇನ್ನೊಂದು ಕಡೆ, ಆಸ್ಟ್ರಿಯದ ಟಂಕಸಾಲೆ 1915 ಎಂಬ ಇಸವಿಯನ್ನೇ ಹೊತ್ತ ಡ್ಯೂಕಟ್‌ಗಳನ್ನು ಇಂದಿಗೂ ಅಪ್ಪಟ ಚಿನ್ನದಲ್ಲಿ ಟಂಕಿಸುತ್ತದೆ. ಅದಕ್ಕೆ ‘ಮರುಟಂಕ’ ಎಂದರೆ ಹೇಗೆ? ಟಂಕಸಾಲೆಯ ಬದಲು ‘ಕಮ್ಮಟ’ ಎಂದು ಬರೆಯುವ ಆಸೆ ಇತ್ತು. ಆದರೆ ಬಸವಣ್ಣನವರ ಕಾಲದಲ್ಲಿ ನಾಣ್ಯ ಒತ್ತುತ್ತಿದ್ದ ಕಮ್ಮಟದಲ್ಲಿ ಈಗ ನಾವು ಕತೆಗಾರರನ್ನು ತಯಾರಿಸುತ್ತಿದ್ದೇವೆ. ಮಕ್ಕಳು ಗಲಿಬಿಲಿಗೊಂಡಾರು.

ನೋಡುತ್ತಾ ಹೋದರೆ ಅನುಕರಣೆ ಎಂಬುದೇ ನಾಣ್ಯಗಳಿಗೆ ಹೊಸತಲ್ಲ. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿ ತನ್ನ ವರಾಹದಲ್ಲಿ ಕೆಳದಿಯವರ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡು, ಹಿಂಬದಿಗೆ ತನ್ನ ಹೆಸರಿನ ಮೊದಲಕ್ಷರವನ್ನು ಪಾರಸಿಯಲ್ಲಿ ಹಾಕಿಸಿದ. ಮುಮ್ಮಡಿ ಕೃಷ್ಣರಾಜ ಒಡೆಯರ ವರಾಹದಲ್ಲೂ ಅದೇ ದಂಪತಿ, ಹಿಂದೆ ‘ಶ್ರೀ ಕೃಷ್ಣರಾಜ’. ಜನ ಆ ಮುಖವನ್ನು ನಂಬಿದ್ದರು, ದೊರೆಗಳು ಆ ನಂಬಿಕೆಯನ್ನು ಕೆಡಿಸಲಿಲ್ಲ. ಇದನ್ನು ಯಾರೂ ನಕಲಿ ಎಂದದ್ದಿಲ್ಲ.

ನಮ್ಮ ಅಜ್ಜಿಯ ಕಾಸಿನ ಸರವನ್ನೇ ತೆಗೆದುಕೊಳ್ಳಿ. ಅದರಲ್ಲಿ ರಾಣಿ ವಿಕ್ಟೋರಿಯಾಳ ಮುಖದ ಇಪ್ಪತ್ತೊಂದು ಕಾಸುಗಳಿವೆ. ಒಂದೂ ಟಂಕಸಾಲೆಯಿಂದ ಬಂದದ್ದಲ್ಲ, ಅಕ್ಕಸಾಲಿಗರು ತೆಳು ತಗಡನ್ನು ಅಚ್ಚಿಗೆ ಒತ್ತಿ ಮಾಡಿದವು. ಅಲ್ಲಿ ಚಿನ್ನ ನಿಜ, ನಾಣ್ಯ ಸುಳ್ಳು. ಭಾವನ ಪೆಟ್ಟಿಗೆಯಲ್ಲಿ ಎರಡೂ ಸುಳ್ಳು. ಅಜ್ಜಿ ತನ್ನವನ್ನು ಕೊನೆಯವರೆಗೂ ಬರೀ ‘ಕಾಸು’ ಎಂದೇ ಕರೆದಳು. ಅವಳಿಗೆ ವಿಶೇಷಣ ಬೇಕಾಗಿರಲಿಲ್ಲ.

ಸದ್ಯಕ್ಕೆ ಚೀಟಿಯಲ್ಲಿ ‘ಇಕ್ಕೇರಿ ವರಾಹ – ಪಡಿಯಚ್ಚು, ಹಿತ್ತಾಳೆ’ ಎಂದು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ನೋಡಿಕೊಂಡು ಕೊರೆದದ್ದಕ್ಕೆ ಬೇರೆಯೇ ಪದ ಬೇಕೋ, ಪಡಿಯಚ್ಚನ್ನೇ ಅಷ್ಟು ಹಿಗ್ಗಿಸಬಹುದೋ ತಿಳಿಸಿ. ‘ಪಡಿನಾಣ್ಯ’ ಎಂದು ಹೊಸದಾಗಿ ಕಟ್ಟಿದರೆ ಪಡಿತರದ ನೆನಪು ಬರುತ್ತದೆಯೇ? ನಿಮ್ಮೂರಿನ ಅಕ್ಕಸಾಲಿಗರು ಕಾಸಿನ ಸರದ ಕಾಸನ್ನು ಬ್ರಿಟಿಷರ ನಿಜವಾದ ಚಿನ್ನದ ನಾಣ್ಯ ಸವರನ್‌ನಿಂದ ಬೇರ್ಪಡಿಸಿ ಹೇಳುವಾಗ ಯಾವ ಮಾತು ಬಳಸುತ್ತಾರೆ ಎಂಬುದನ್ನೂ ದಯವಿಟ್ಟು ಕೇಳಿ ಬರೆಯಿರಿ. ಪ್ರದರ್ಶನ ಬರುವ ಶನಿವಾರ. ಶುಕ್ರವಾರ ಸಂಜೆಯ ತನಕ ಪೆನ್ಸಿಲನ್ನು ಅಳಿಸಬಹುದು.