ಪದ ಬೇಕು: ‘ಪೋರ್ಟಬಲ್’ ಶೆಲ್ ಸ್ಕ್ರಿಪ್ಟ್ (ಇವತ್ತೇ, ಸಂಜೆ ಐದರೊಳಗೆ)

ಎಲ್ಲರಿಗೂ ನಮಸ್ಕಾರ.

ಕಲಬುರಗಿಯಲ್ಲಿ ಲ್ಯಾಬ್ ಸಿಬ್ಬಂದಿಗೆ ಶೆಲ್ ಸ್ಕ್ರಿಪ್ಟ್ (ಕಂಪ್ಯೂಟರಿಗೆ ಕೊಡುವ ಆಜ್ಞೆಗಳನ್ನು ಸಾಲಾಗಿ ಬರೆದಿಟ್ಟ ಫೈಲ್; ಅದನ್ನು ಓದಿ ನಡೆಸುವ ಪ್ರೋಗ್ರಾಂ ಶೆಲ್) ಬರೆಯುವ ತರಬೇತಿ ಇಟ್ಟುಕೊಂಡಿದ್ದೇವೆ. ಕೈಪಿಡಿ ಕನ್ನಡದಲ್ಲಿದೆ, ಬ್ಯಾನರ್ ಕೂಡ. ಫ್ಲೆಕ್ಸ್ ಅಂಗಡಿಯವರು ಐದಕ್ಕೆ ಫೈಲ್ ಕೇಳಿದ್ದಾರೆ. ಎರಡು ಪದ ತೊಂದರೆ ಕೊಡುತ್ತಿವೆ: ರಿಲಯಬಲ್, ಪೋರ್ಟಬಲ್. ಮೊದಲನೆಯದಕ್ಕೆ ‘ನಂಬಲರ್ಹ’ ಹಾಕಿದ್ದೇನೆ. ಎರಡನೆಯದಕ್ಕೆ ‘ಸುವಾಹ್ಯ’ ಅಂತ ಒಬ್ಬರು ಹೇಳಿದರು. ಅದು ಟೇಪ್ ರೆಕಾರ್ಡರಿಗೆ ಸರಿ. ಸ್ಕ್ರಿಪ್ಟನ್ನು ಯಾರೂ ಹೊತ್ತುಕೊಂಡು ಹೋಗುವುದಿಲ್ಲ.

ನನಗೆ ಬೇಕಾದ ಅರ್ಥ ಹೀಗೆ. ಉಬುಂಟು ಲಿನಕ್ಸ್‌ನಲ್ಲಿ 2006ರ 6.10 ಆವೃತ್ತಿಯಿಂದ, ಶೆಲ್ ಕರೆಯಲು ಬಳಸುವ ಎಸ್‌ಎಚ್ ಅಂದರೆ ಬ್ಯಾಶ್ ಅನ್ನೋ ಶೆಲ್ ಅಲ್ಲ, ಡ್ಯಾಶ್ ಅನ್ನೋ ಇನ್ನೊಂದು ಶೆಲ್. ಮೊದಲ ಸಾಲಲ್ಲಿ ಎಸ್‌ಎಚ್ ಅಂತ ಬರೆದು, ಒಳಗೆ ಬ್ಯಾಶ್‌ನ [[ ]] (ಷರತ್ತು ಪರೀಕ್ಷಿಸುವ ಗುರುತು) ಹಾಕಿದ್ದೀರಿ ಅಂತಿಟ್ಟುಕೊಳ್ಳಿ. ಬರೆದವರು ಕೈಯಾರೆ ಬ್ಯಾಶ್ ಕೊಟ್ಟು ಓಡಿಸಿದಾಗ ಸರಿಯಾಗಿಯೇ ಇರುತ್ತದೆ. ರಾತ್ರಿ ಕ್ರಾನ್ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಪ್ರೋಗ್ರಾಂ) ಓಡಿಸಿದಾಗ ಡ್ಯಾಶ್ ‘[[’ ಅನ್ನೋ ಹೆಸರಿನ ಆಜ್ಞೆ ಹುಡುಕುತ್ತದೆ, ಸಿಗಲಿಲ್ಲ ಅನ್ನುತ್ತದೆ. ಅಲ್ಲಿಗೇ ನಿಂತರೆ ಪರವಾಗಿಲ್ಲ. ಇಫ್ ಒಳಗಿದ್ದರೆ ನಿಲ್ಲುವುದಿಲ್ಲ, ಷರತ್ತು ಸುಳ್ಳು ಅಂತ ತಿಳಿದು ಎಲ್ಸ್ (ಇಲ್ಲದಿದ್ದರೆ) ಕಡೆ ಹೊರಟುಬಿಡುತ್ತದೆ. ಬ್ಯಾಕಪ್ ಆಗಿದೆಯಾ ಅಂತ ನೋಡುವ ಸಾಲು ಅದಾಗಿದ್ದರೆ ಮುಗೀತು. ಹೀಗಾಗದ ಸ್ಕ್ರಿಪ್ಟಿಗೆ ಒಂದು ಪದ ಕೊಡಿ.

----------

> ನಂಬಲರ್ಹ

ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದದ್ದು. ಬ್ಯಾನರಿನ ಮೇಲೆ ಬೇಡ. ‘ವಿಶ್ವಾಸಾರ್ಹ’ ಎನ್ನಿ, ಇಲ್ಲವೇ ‘ನೆಚ್ಚಬಹುದಾದ’ ಎನ್ನಿ. ಎರಡನ್ನೂ ಕಲಸಬೇಡಿ.

‘ಸುವಾಹ್ಯ’ ಸರಿಯಾಗಿಯೇ ಇದೆ. ವಹ್ ಧಾತುವಿಗೆ ಹೊರುವುದೊಂದೇ ಅರ್ಥವಲ್ಲ. ಪ್ರವಾಹ, ವಾಹಿನಿ ನೆನಪಿಸಿಕೊಳ್ಳಿ. ಜನಕ್ಕೆ ಗೊತ್ತಿಲ್ಲ ಅನ್ನುವುದು ಕಾರಣವೇ ಅಲ್ಲ, ಬಳಸಿದರೆ ಗೊತ್ತಾಗುತ್ತದೆ.

----------

ಗುರುಗಳೇ, ಬ್ಯಾನರ್ ಓದುವವರು ಧಾತುಪಾಠ ತಿರುಗಿಸಿ ನೋಡುತ್ತಾರಾ? ಮೊದಲು ಶೆಲ್, ಸ್ಕ್ರಿಪ್ಟ್ ಎರಡನ್ನೂ ಕನ್ನಡ ಮಾಡಿ. ಶೆಲ್ ‘ಚಿಪ್ಪು’, ಸ್ಕ್ರಿಪ್ಟ್ ‘ಓಲೆ’. ‘ಚಿಪ್ಪೋಲೆ’. ಲೋಪಸಂಧಿ, ತಕರಾರು ಬರಲ್ಲ.

----------

ತರಬೇತಿಗೆ ಬಂದವರ ಕೈಗೆ ಚಿಪ್ಪು ಕೊಡುತ್ತೀವಿ ಅಂತ ಬ್ಯಾನರ್ ಹಾಕಿಸಿದ ಹಾಗಾಯ್ತು. ಬೇಡ.

----------

ಬೀದರ್‌ನಿಂದ ಬರೆಯುತ್ತಿದ್ದೇನೆ. ಸರ್ವರ್ ನೋಡಿಕೊಳ್ಳುವುದೇ ನನ್ನ ಕೆಲಸ, ವ್ಯಾಕರಣ ಅಲ್ಲ. ನಮ್ಮ ಕಡೆ ಇದಕ್ಕೆ ಮಾತು ಆಗಲೇ ಇದೆ: ‘ನಡೆ’. ‘ಈ ಸ್ಕ್ರಿಪ್ಟ್ ಅಲ್ಲಿ ನಡ್ಯಂಗಿಲ್ಲ’ ಅಂತ ದಿನಾ ಹೇಳುತ್ತೇವೆ. ನಿಜಾಮರ ಕಾಲದ ಹಾಲಿ ಸಿಕ್ಕಾ ನಾಣ್ಯ ನೆನಪಿಸಿಕೊಳ್ಳಿ. ಬೀದರ್, ಕಲಬುರಗಿ, ಯಾದಗಿರಿಯಲ್ಲಿ ನಡೆಯುತ್ತಿತ್ತು. ಗಡಿ ದಾಟಿ ಸೊಲ್ಲಾಪುರಕ್ಕೆ ಹೋದರೆ ಬ್ರಿಟಿಷರ ಕಲ್ದಾರ್ ರೂಪಾಯಿ ಮಾಡಿಸಿಕೊಳ್ಳಬೇಕು. ಬ್ಯಾಶ್‌ನ ವಿಶೇಷಗಳೆಲ್ಲ ಹಾಲಿ ಸಿಕ್ಕಾ. ಯೂನಿಕ್ಸ್ ಥರದ ವ್ಯವಸ್ಥೆಗಳಿಗೆಲ್ಲ ಸಾಮಾನ್ಯವಾದ ಪಾಸಿಕ್ಸ್ ಮಾನದಂಡದಲ್ಲಿ ಇರುವುದು ಮಾತ್ರ ಕಲ್ದಾರ್. ಆದ್ದರಿಂದ ‘ಎಲ್ಲೂ ನಡೆಯುವ’.

ಕೈಪಿಡಿಯಲ್ಲಿ ಇವನ್ನೂ ಸೇರಿಸಿ. ಇನ್ನೊಂದು ಫೈಲಿನ ಆಜ್ಞೆ ಓದಿಸುವ ‘ಸೋರ್ಸ್’ ಬದಲು ಬರೀ ಚುಕ್ಕಿ. ಸಾಲು ಮುರಿಯದೆ ತೋರಿಸುವ ‘ಎಕೋ ಮೈನಸ್ ಎನ್’ ಒಂದೊಂದು ಶೆಲ್‌ನಲ್ಲಿ ಒಂದೊಂದು ಥರ ಆಡುತ್ತದೆ, ಪ್ರಿಂಟ್‌ಎಫ್ ಬಳಸಿ. ಫೈಲನ್ನು ಅಲ್ಲೇ ತಿದ್ದುವ ‘ಸೆಡ್ ಮೈನಸ್ ಐ’ ಲಿನಕ್ಸ್‌ನಲ್ಲಿ ಒಂದು ರೀತಿ, ಮ್ಯಾಕ್‌ನಲ್ಲಿ ಇನ್ನೊಂದು ರೀತಿ. ಕ್ರಾನ್‌ಗೆ ನಿಮ್ಮ ಟರ್ಮಿನಲ್‌ನ ಪಾತ್ (ಆಜ್ಞೆ ಹುಡುಕುವ ಫೋಲ್ಡರ್‌ಗಳ ಪಟ್ಟಿ) ಸಿಗುವುದಿಲ್ಲ, ಮೇಲ್ಗಡೆ ನೀವೇ ಬರೆಯಿರಿ.

ಇನ್ನು ನೆಚ್ಚುವ ಮಾತು. ಒಂದು ಕಚೇರಿಯಲ್ಲಿ ‘ಪಹಣಿ’ ಅಂತ ಒಂದು ಫೋಲ್ಡರ್, ‘ಪಹಣಿ ಹಳೇದು’ ಅಂತ ಇನ್ನೊಂದು ಇತ್ತು. ಹಳೇದನ್ನು ಅಳಿಸುವ ಸ್ಕ್ರಿಪ್ಟಿನಲ್ಲಿ ಫೋಲ್ಡರಿನ ಹೆಸರಿದ್ದ ವೇರಿಯೇಬಲ್‌ಗೆ ಡಬಲ್ ಕೋಟ್ ಹಾಕಿರಲಿಲ್ಲ. ಶೆಲ್ ಅದನ್ನು ಜಾಗ ಇದ್ದಲ್ಲಿ ಎರಡಾಗಿ ಒಡೆಯಿತು. ಹೊಸ ಪಹಣಿ ಅಳಿಯಿತು, ಹಳೇದು ಉಳಿಯಿತು. ವಿಶ್ವಾಸಾರ್ಹವೋ ನಂಬಲರ್ಹವೋ, ಕೋಟ್ ಹಾಕದಿದ್ದರೆ ಎರಡೂ ಅಲ್ಲ.

----------

> ಹಾಲಿ ಸಿಕ್ಕಾ

ಎರಡೂ ಅರಬ್ಬಿ. ಕನ್ನಡ ಪದ ಕೇಳಿದರೆ ನಿಜಾಮರ ಖಜಾನೆ ತೆಗೆಯುತ್ತೀರಿ. ನಮ್ಮ ಭಾಗದ ಕನ್ನಡ ಕೆಟ್ಟಿದ್ದೇ ಹೀಗೆ. ಕವಿರಾಜಮಾರ್ಗ ಹುಟ್ಟಿದ ಮಳಖೇಡ ಕಲಬುರಗಿಯಿಂದ ಎಷ್ಟು ದೂರ ಇದೆ ಅಂತ ಒಮ್ಮೆ ನೋಡಿ.

----------

ಗುರುಗಳೇ, ನಾನು ಕೊಟ್ಟ ಪದ ‘ನಡೆ’. ಅದಕ್ಕಿಂತ ಅಚ್ಚಗನ್ನಡ ಇನ್ನೇನು ಬೇಕು? ಸಿಕ್ಕಾ ಬರೀ ವಿವರಣೆಗೆ ಬಂದದ್ದು. ‘ಹಾಲಿ ಶಾಸಕರು’ ಅಂತ ಪತ್ರಿಕೆಯಲ್ಲಿ ಓದುವಾಗ ಯಾರಿಗೂ ಸಿಟ್ಟು ಬರುವುದಿಲ್ಲ. ನೀವೇ ಬರೆದ ಖಜಾನೆ ಎಲ್ಲಿಯದು? ಅರ್ಜಿ, ವಕೀಲ, ಕುರ್ಚಿ, ರಸ್ತೆ ಎಲ್ಲ ತೆಗೆದರೆ ತಹಶೀಲ್ದಾರರ ಕಚೇರಿಯಲ್ಲಿ ಒಬ್ಬರೂ ಬಾಯಿ ಬಿಡುವ ಹಾಗಿಲ್ಲ.

----------

ಪದಗಳ ಸಾಲ ಅಂದರೆ ಶೆಲ್ ಕೂಡ ಸಾಲಗಾರನೇ. ಸ್ಟೀವ್ ಬೋರ್ನ್ 1979ರಲ್ಲಿ ಹೊರಬಂದ ತಮ್ಮ ಶೆಲ್‌ಗೆ ಇಫ್ ಮುಗಿಸಲು ಅದನ್ನೇ ತಿರುಗಿಸಿದ ‘ಫಿ’, ಕೇಸ್ ಮುಗಿಸಲು ಅದನ್ನು ತಿರುಗಿಸಿದ ‘ಎಸಾಕ್’ ಎರಡನ್ನೂ ಆಲ್ಗಾಲ್ 68 ಅನ್ನೋ ಪ್ರೋಗ್ರಾಮಿಂಗ್ ಭಾಷೆಯಿಂದ ತಂದರು. ‘ಡು’ ತಿರುಗಿಸಿ ‘ಓಡಿ’ ಮಾಡೋಣ ಅಂದರೆ ಆ ಹೆಸರಿನ ಆಜ್ಞೆ ಯೂನಿಕ್ಸ್‌ನಲ್ಲಿ ಆಗಲೇ ಇತ್ತು. ಅದಕ್ಕೇ ‘ಡನ್’. ಬೇಕಾದ್ದು ತಂದುಕೊಳ್ಳುತ್ತಾರೆ, ಇಕ್ಕಟ್ಟಾದರೆ ಬಿಡುತ್ತಾರೆ. ಶುದ್ಧಿಯ ಮಾತು ಅಲ್ಲಿ ಯಾರೂ ಎತ್ತಲಿಲ್ಲ.

----------

ಅದು ಯಂತ್ರದ ಭಾಷೆ. ಇದು ತಾಯಿನುಡಿ. ಹೋಲಿಕೆ ಸಲ್ಲದು.

----------

ನಾಲ್ಕೂವರೆ ಆಯಿತು, ಜಗಳ ಆಮೇಲೆ ಮುಂದುವರಿಸಿ. ನಾನು ಹಾಕುತ್ತಿರುವುದು: ‘ನೆಚ್ಚಬಹುದಾದ, ಎಲ್ಲೂ ನಡೆಯುವ ಶೆಲ್ ಸ್ಕ್ರಿಪ್ಟ್‌ಗಳು’. ಶೆಲ್ಲೂ ಸ್ಕ್ರಿಪ್ಟೂ ಹಾಗೇ ಇರಲಿ. ಕೈಪಿಡಿಯ ಒಳಗೆ ಖಚಿತ ಅರ್ಥ ಬೇಕಾದಲ್ಲಿ ‘ಪಾಸಿಕ್ಸ್‌ಗೆ ಹೊಂದುವ’ ಅಂತ ಬರೆಯುತ್ತೇನೆ. ಬರೀ ವಿಂಡೋಸ್ ಇರುವ ಯಂತ್ರದಲ್ಲಿ ಇದು ನಡೆಯುವುದಿಲ್ಲ, ಅದನ್ನು ಮೊದಲ ಪುಟದಲ್ಲೇ ಹೇಳಿದ್ದೇನೆ. ಯಾರದ್ದಾದರೂ ತಕರಾರು ಇದ್ದರೆ ಈಗಲೇ ಹೇಳಿ.

----------

‘ಎಲ್ಲೂ’ ಬಂದರೆ ಓದುವವನು ಮುಂದೆ ‘ಇಲ್ಲ’ ಕಾಯುತ್ತಾನೆ. ಎಲ್ಲೂ ಸಿಗಲಿಲ್ಲ, ಎಲ್ಲೂ ಹೋಗಲಿಲ್ಲ. ದೂರದಿಂದ ನೋಡಿದವನು ‘ಎಲ್ಲೂ ನಡೆಯದ’ ಅಂತಲೇ ಓದಿಕೊಳ್ಳುತ್ತಾನೆ. ‘ಎಲ್ಲೆಡೆ’ ಹಾಕಿ. ಸುವಾಹ್ಯದ ಬಗ್ಗೆ ನನ್ನ ಮಾತು ಬದಲಾಗಿಲ್ಲ.

----------

ಸರ್, ಇದು ಸರಿ. ‘ಎಲ್ಲ ಕಡೆ ನಡೆಯುವ’ ಅಂತ ಮಾಡಿ ಕಳಿಸಿದೆ. ‘ಎಲ್ಲೆಡೆ’ ಹಾಕಿದ್ದರೆ ಒತ್ತಕ್ಷರ ಆ ಫಾಂಟ್‌ನಲ್ಲಿ ಕೆಳಗಿನ ಸಾಲಿಗೆ ತಾಗುತ್ತಿತ್ತು. ‘ಎಲ್ಲ’ದಲ್ಲೂ ತಾಗುತ್ತದೆ ಅಂತ ಅಂಗಡಿಯವರು ಈಗ ಫೋನ್ ಮಾಡಿದ್ದಾರೆ. ಸಾಲುಗಳ ನಡುವೆ ಸ್ವಲ್ಪ ಜಾಗ ಜಾಸ್ತಿ ಬಿಡಿ ಅಂದಿದ್ದೇನೆ.